ಹದಿನೈದು ದಿನ ದಾಟಿದ ಬಾಯಿ ಹುಣ್ಣು

ಔಷಧಿ ಅಂಗಡಿಯ ಕಟ್ಟೆಗೆ ಒರಗಿ, ಕೆಳತುಟಿಯನ್ನು ಹೆಬ್ಬೆರಳಿನಿಂದ ಮಗುಚಿ ತೋರಿಸುತ್ತ ‘ಇದಕ್ಕೇನಾದ್ರೂ ಕೊಡಿ ಸಾರ್, ಊಟ ಮಾಡಕ್ಕಾಗ್ತಿಲ್ಲ’ ಎನ್ನುವವರು ಇಲ್ಲದ ಊರಿಲ್ಲ. ಒಂದು ಪಟ್ಟಿ ಬಿ ಕಾಂಪ್ಲೆಕ್ಸ್ ಗುಳಿಗೆ, ಒಂದು ಪುಟ್ಟ ಟ್ಯೂಬ್ ಜೆಲ್, ಜೊತೆಗೆ ‘ಹೀಟ್ ಆಗಿದೆ, ಎಳನೀರು ಕುಡೀರಿ’ ಎಂಬ ಮಾತು. ಮನೆಗೆ ಬಂದರೆ ಅಜ್ಜಿಯ ಮದ್ದು ಬೇರೆ: ಜಾಜಿ ಎಲೆ ಅಗಿ, ಸೀಬೆ ಚಿಗುರು ಅಗಿ, ಗಸಗಸೆ ಪಾಯಸ ಕುಡಿ, ಎರಡು ದಿನ ಖಾರ ಬಿಟ್ಟು ತಂಬುಳಿ ಅನ್ನ ಉಣ್ಣು. ವಾರ ಕಳೆಯುವಷ್ಟರಲ್ಲಿ ಹುಣ್ಣು ಮಾಯುತ್ತದೆ. ಗುಳಿಗೆಯಿಂದ ಮಾಯಿತೋ, ತಂಬುಳಿಯಿಂದಲೋ, ತಾನಾಗಿಯೇ ಮಾಯಿತೋ ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ.

ಕೇಳಲೇಬೇಕಾದದ್ದು ವಾರ ಎರಡಾಗಿ, ಎರಡು ಮೂರಾದರೂ ಹುಣ್ಣು ಅಲ್ಲೇ ಕೂತಿದ್ದಾಗ. ಆಗಲೂ ನಾವು ಮಾಡುವುದು ಅದನ್ನೇ. ಇನ್ನೊಂದು ಪಟ್ಟಿ ಗುಳಿಗೆ, ಇನ್ನೊಂದು ಟ್ಯೂಬ್, ಇನ್ನೊಂದು ವಾರ. ಆ ಇನ್ನೊಂದು ವಾರಕ್ಕೆ ನಮ್ಮ ಜನ ತೆರುತ್ತಿರುವ ಬೆಲೆ ದೊಡ್ಡದು. ಭಾರತದ ಗಂಡಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಬಾಯಿಯದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ದೇಶದ ಸುಮಾರು 1.4 ಲಕ್ಷ ಗಂಡಸರು ಹೆಂಗಸರಲ್ಲಿ ತುಟಿ ಮತ್ತು ಬಾಯಿ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಶ್ವಾಸಕೋಶದಲ್ಲೋ ಮೇದೋಜೀರಕದಲ್ಲೋ ಅಡಗಿ ಬೆಳೆಯುವ ಗಡ್ಡೆಯಲ್ಲ ಇದು. ಕನ್ನಡಿಯ ಮುಂದೆ ಬಾಯಿ ತೆರೆದರೆ ಕಾಣುವ ಜಾಗದಲ್ಲಿ ಹುಟ್ಟುವ ಕಾಯಿಲೆ. ಆದರೂ ನಮ್ಮಲ್ಲಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಅದು ದವಡೆಗೋ ಕುತ್ತಿಗೆಯ ಗಂಟಿಗೋ ಇಳಿದ ಮೇಲೆ.

ಹಾಗೆಂದು ಬಾಯಲ್ಲಿ ಎದ್ದ ಪ್ರತಿ ಹುಣ್ಣಿಗೂ ಬೆಚ್ಚಿಬೀಳಬೇಕಿಲ್ಲ. ಹುಣ್ಣು ಎಲ್ಲಿದೆ, ಎಷ್ಟು ದಿನದಿಂದ ಇದೆ, ಮುಟ್ಟಿದರೆ ಹೇಗಿದೆ ಎಂಬ ಮೂರು ಸಂಗತಿ ಗಮನಿಸಿದರೆ ಯಾವುದಕ್ಕೆ ತಂಬುಳಿ ಸಾಕು, ಯಾವುದಕ್ಕೆ ಡಾಕ್ಟರ ಹತ್ತಿರ ಓಡಬೇಕು ಎಂಬುದು ಮುಕ್ಕಾಲು ಪಾಲು ತಿಳಿಯುತ್ತದೆ.

ಬಂದು ಹೋಗುವ ಹುಣ್ಣು

ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಿರುವುದು ಆಫ್ತಸ್ ಹುಣ್ಣು. ನೂರು ಜನರಲ್ಲಿ ಇಪ್ಪತ್ತು ಮಂದಿಗಾದರೂ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಇದು ಮತ್ತೆ ಮತ್ತೆ ಬಂದು ಕಾಡುತ್ತದೆ. ಎದ್ದೇಳುವ ಮುಂಚೆ ಒಂದೆರಡು ದಿನ ಆ ಜಾಗ ಚುರುಚುರು ಎನ್ನುತ್ತದೆ. ಆಮೇಲೆ ದುಂಡಗೆ, ಆಳವಿಲ್ಲದೆ, ನಡುವೆ ಹಳದಿ ಬಿಳುಪು, ಸುತ್ತ ಕೆಂಪು ಉಂಗುರ. ಬಹಳ ಸಲ ಅದರ ಅಗಲ ಅರ್ಧ ಸೆಂಟಿಮೀಟರನ್ನೂ ಮೀರುವುದಿಲ್ಲ, ನೋವು ಮಾತ್ರ ಅದರ ಗಾತ್ರಕ್ಕೆ ಸಲ್ಲದಷ್ಟು. ತುಟಿಯ ಒಳಬದಿ, ಕೆನ್ನೆಯ ಒಳಬದಿ, ನಾಲಿಗೆಯ ಅಡಿ ಇವೇ ಅದರ ಜಾಗ. ಅಂದರೆ ಬಾಯಿಯ ಮೆತ್ತನೆಯ ಪದರ. ಗಟ್ಟಿ ಅಂಗುಳ ಮತ್ತು ಹಲ್ಲಿಗೆ ಅಂಟಿದ ವಸಡಿನ ಮೇಲೆ ಗುಂಪಾಗಿ ಸಣ್ಣ ಸಣ್ಣ ಹುಣ್ಣು ಎದ್ದರೆ ಹರ್ಪಿಸ್ ವೈರಸ್ಸಿನ ಮೇಲೆ ಅನುಮಾನ ಹೋಗುತ್ತದೆ.

ಇಂಥ ಸಣ್ಣ ಹುಣ್ಣು ಏಳರಿಂದ ಹದಿನಾಲ್ಕು ದಿನದೊಳಗೆ ಕಲೆಯೂ ಉಳಿಯದಂತೆ ಮಾಯುತ್ತದೆ. ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿ, ಆಳವಾಗಿ ಏಳುವ ಇನ್ನೊಂದು ಬಗೆಯೂ ಇದೆ. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳು ದಾಟಿಯೂ ಇದ್ದು, ಹೋಗುವಾಗ ಗಾಯದ ಗುರುತು ಬಿಟ್ಟು ಹೋಗುತ್ತದೆ. ಅಂಥದ್ದು ಬಂದವರು ‘ನಂಗೆ ಇದು ಮಾಮೂಲು’ ಎಂದು ಸುಮ್ಮನಿರಬಾರದು.

ಆಫ್ತಸ್ ಹುಣ್ಣು ಯಾಕೆ ಬರುತ್ತದೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಪರೀಕ್ಷೆ, ನಿದ್ದೆಗೇಡು, ಮನೆಯ ಚಿಂತೆ ಇದನ್ನು ಕೆರಳಿಸುತ್ತವೆ. ಕೆಲವು ಹೆಂಗಸರಿಗೆ ಮುಟ್ಟಿನ ದಿನಗಳ ಆಸುಪಾಸು ಬರುತ್ತದೆ. ಚಕ್ಕುಲಿ ತಾಗಿ ಗೀರಿದ್ದು, ಬ್ರಷ್ ತಾಗಿದ್ದು, ಅಗಿಯುವಾಗ ಕೆನ್ನೆ ಕಚ್ಚಿಕೊಂಡಿದ್ದು ಇಷ್ಟೇ ಸಾಕು. ಟೂತ್‌ಪೇಸ್ಟಿನಲ್ಲಿ ನೊರೆ ಬರಲೆಂದು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಆಗಿಬರುವುದಿಲ್ಲ. 1990ರ ದಶಕದಲ್ಲಿ ನಾರ್ವೆಯ ದಂತವೈದ್ಯ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದಾಗ, ಅದಿಲ್ಲದ ಪೇಸ್ಟ್ ಬಳಸಿದ ದಿನಗಳಲ್ಲಿ ಹುಣ್ಣು ಕಡಿಮೆಯಾಗಿತ್ತು. ಪದೇ ಪದೇ ಬಾಯಿ ಹುಣ್ಣಾಗುವವರು ಒಂದೆರಡು ತಿಂಗಳು ಪೇಸ್ಟ್ ಬದಲಿಸಿ ನೋಡುವುದರಲ್ಲಿ ನಷ್ಟವೇನಿಲ್ಲ.

ನಮ್ಮ ಹಿರಿಯರ ಉಷ್ಣದ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ನಿದ್ದೆಗೆಟ್ಟಾಗ, ಹಬ್ಬದ ಓಡಾಟದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದಾಗ, ಖಾರ ಹುಳಿ ಹೆಚ್ಚಾದಾಗ ಬಾಯಿ ಬೇಯುತ್ತದೆ ಎಂದು ಅವರು ಕಂಡದ್ದು ಸರಿಯಾಗಿಯೇ ಇದೆ. ತಂಪು ಮಾಡುವ ಮಜ್ಜಿಗೆ, ತಂಬುಳಿ, ಎಳನೀರು ನೋವಿನ ಬಾಯಿಗೆ ಹಿತ. ಆದರೆ ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಹಸುಗೂಸಿನ ಬಾಯಲ್ಲಿ ಬಿಳಿ ಪೊರೆ ಕಂಡರೆ ಬಿಳಿಗಾರವನ್ನು ಜೇನಿನಲ್ಲಿ ತೇದು ಹಚ್ಚುವ ರೂಢಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಬಿಳಿಗಾರ ಮಗುವಿನ ಮೈ ಸೇರಿದರೆ ಫಿಟ್ಸ್ ಬರಬಹುದು. ವರ್ಷ ತುಂಬದ ಮಗುವಿಗೆ ಜೇನೂ ಅಪಾಯವೇ, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳಿಂದಾಗಿ. ಆ ಬಿಳಿ ಪೊರೆ ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ್ದು, ಮಕ್ಕಳ ವೈದ್ಯರು ಕೊಡುವ ಹನಿ ಮದ್ದಿಗೆ ಬೇಗ ಬಗ್ಗುತ್ತದೆ.

ಹಚ್ಚುವ ಮುಲಾಮಿನ ವಿಷಯಕ್ಕೆ ಬರೋಣ. ಆಫ್ತಸ್ ಹುಣ್ಣಿಗೆ ವೈದ್ಯರು ಬರೆದುಕೊಡುವುದು ಹೆಚ್ಚಾಗಿ ಟ್ರಯಾಮ್ಸಿನೊಲೋನ್ ಪೇಸ್ಟ್, ಅಂದರೆ ಸ್ಟಿರಾಯ್ಡ್. ಅದನ್ನು ಹಚ್ಚುವ ರೀತಿ ಗೊತ್ತಿಲ್ಲದೆ ‘ಏನೂ ಉಪಯೋಗ ಆಗಲಿಲ್ಲ’ ಎನ್ನುವವರೇ ಜಾಸ್ತಿ. ಊಟವಾದ ಮೇಲೆ, ರಾತ್ರಿ ಮಲಗುವ ಮುಂಚೆ, ಬಾಯಿ ಮುಕ್ಕಳಿಸಿ, ಹತ್ತಿಯಿಂದ ಹುಣ್ಣಿನ ಮೇಲಿನ ಎಂಜಲನ್ನು ಒತ್ತಿ ತೆಗೆಯಬೇಕು. ಬೆರಳ ತುದಿಯಲ್ಲಿ ಒಂದಿಷ್ಟೇ ಪೇಸ್ಟ್ ತೆಗೆದುಕೊಂಡು ಹುಣ್ಣಿನ ಮೇಲೆ ಮೆಲ್ಲನೆ ಒತ್ತಬೇಕು. ತಿಕ್ಕಿದರೆ ಅದು ಕಾಳುಕಾಳಾಗಿ ಉದುರಿಹೋಗುತ್ತದೆ. ಒತ್ತಿದರೆ ತೆಳುವಾದ ಪೊರೆಯಾಗಿ ಅಂಟಿಕೊಂಡು ರಾತ್ರಿಯಿಡೀ ಕೆಲಸ ಮಾಡುತ್ತದೆ. ಬಾಯಿ ಚುರುಚುರು ಎನ್ನಲು ಶುರುವಾದ ಮೊದಲ ದಿನವೇ ಹಚ್ಚಿದರೆ ಗುಣ ಹೆಚ್ಚು. ಉಪ್ಪುನೀರು, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್, ನೋವು ಮರೆಸುವ ಲಿಗ್ನೊಕೇನ್ ಜೆಲ್ ಜೊತೆಗಿರಬಹುದು. ಅಂಗಡಿಯಲ್ಲಿ ಸಲೀಸಾಗಿ ಸಿಗುವ ಕೋಲೀನ್ ಸ್ಯಾಲಿಸಿಲೇಟ್ ಜೆಲ್ಲನ್ನು ಮಕ್ಕಳ ಬಾಯಿಗೆ ಹಚ್ಚುವುದು ಬೇಡ. ಮತ್ತೆ ಮತ್ತೆ ಬಂದು ಹೈರಾಣಾದವರಿಗೆ ಕಾಲ್ಚಿಸಿನ್‌ನಂಥ ಗುಳಿಗೆಗಳೂ ಇವೆ, ಅವನ್ನು ತಜ್ಞರೇ ಕೊಡಬೇಕು.

ಬಿ ಕಾಂಪ್ಲೆಕ್ಸ್ ಗುಳಿಗೆ ಏನು ಮಾಡುತ್ತದೆ

ನಮ್ಮ ನಾಡಿನಲ್ಲಿ ಬಾಯಿ ಹುಣ್ಣು ಎಂದರೆ ಬಿ ಕಾಂಪ್ಲೆಕ್ಸ್ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅದನ್ನು ಬರೆಯದ ಡಾಕ್ಟರ ಮೇಲೆಯೇ ಜನಕ್ಕೆ ಅನುಮಾನ ಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಕಬ್ಬಿಣ, ಫೋಲೇಟ್, ಬಿ12 ಕಡಿಮೆಯಾದರೆ ನಾಲಿಗೆಯ ಮೇಲಿನ ಸಣ್ಣ ಸಣ್ಣ ಮೊನೆಗಳು ಸವೆದು ಅದು ನುಣ್ಣಗೆ ಕೆಂಪಾಗುತ್ತದೆ, ಬಾಯಿಯ ಮೂಲೆ ಸೀಳುತ್ತದೆ, ಹುಣ್ಣು ಪದೇ ಪದೇ ಬರುತ್ತದೆ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಪ್ಪಟ ಸಸ್ಯಾಹಾರಿಗಳಿಗೂ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೂ ಬಿ12 ತಗ್ಗುವುದು ಸಾಮಾನ್ಯ.

ಆದರೆ ಅಂಗಡಿಯಲ್ಲಿ ಕೊಡುವ ಸಾಧಾರಣ ಬಿ ಕಾಂಪ್ಲೆಕ್ಸ್ ಗುಳಿಗೆಯಲ್ಲಿ ಬಿ12 ಇರುವುದು ಅತ್ಯಲ್ಪ, ಕಬ್ಬಿಣವಂತೂ ಸಾಮಾನ್ಯವಾಗಿ ಇರುವುದೇ ಇಲ್ಲ. ಇದನ್ನು ಎರಡು ಅಧ್ಯಯನಗಳು ಚೆನ್ನಾಗಿ ತೋರಿಸಿಕೊಟ್ಟಿವೆ. ಇಸ್ರೇಲಿನ ವೈದ್ಯರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 58 ಜನರ ಪೈಕಿ ಅರ್ಧ ಮಂದಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಬಿ12ನ್ನು ನಾಲಿಗೆಯಡಿ ಇಡಲು ಕೊಟ್ಟರು, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ಆರು ತಿಂಗಳಾದ ಮೇಲೆ ಬಿ12 ತೆಗೆದುಕೊಂಡವರಲ್ಲಿ ಶೇ 74ರಷ್ಟು ಮಂದಿಗೆ ಹುಣ್ಣು ಇರಲಿಲ್ಲ, ಇನ್ನೊಂದು ಗುಂಪಿನಲ್ಲಿ ಅದು ಶೇ 32. ಮೂರು ವರ್ಷದ ನಂತರ ಅಮೆರಿಕದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ 160 ಜನರ ಪೈಕಿ ಅರ್ಧದಷ್ಟು ಮಂದಿಗೆ ವರ್ಷವಿಡೀ ಎಲ್ಲ ವಿಟಮಿನ್ ಬೆರೆತ ಮಾಮೂಲಿ ಗುಳಿಗೆ ಕೊಟ್ಟು ನೋಡಿದರು. ಹುಣ್ಣು ಕಡಿಮೆಯಾಗಲೇ ಇಲ್ಲ. ಹಾಗಾಗಿ ವರ್ಷದಲ್ಲಿ ಹಲವು ಸಲ ಬಾಯಿ ಹುಣ್ಣಾಗುವವರು ಗುಳಿಗೆಯ ಪಟ್ಟಿಗಳ ಮೇಲೆ ಹಣ ಹಾಕುವ ಬದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಸಕ್ಕರೆ ನೋಡಿಸುವುದು ಜಾಣತನ. ಏನು ಕಡಿಮೆಯಿದೆಯೋ ಅದನ್ನು ತುಂಬಿದರೆ ಫಲ ಕಾಣುತ್ತದೆ.

ಕಣ್ಣು, ಕೀಲು, ಚರ್ಮದ ಜೊತೆ ಬರುವ ಹುಣ್ಣು

ಬಾಯಿ ಹುಣ್ಣಿನ ಕಾರಣ ಬಾಯಲ್ಲಿಯೇ ಇರಬೇಕೆಂದಿಲ್ಲ. ಟರ್ಕಿಯ ಚರ್ಮವೈದ್ಯ ಹುಲುಸಿ ಬೆಹ್ಚೆಟ್ 1937ರಲ್ಲಿ ಒಂದು ಕಾಯಿಲೆಯನ್ನು ಗುರುತಿಸಿದರು. ಬಾಯಲ್ಲಿ ಮತ್ತೆ ಮತ್ತೆ ಹುಣ್ಣು, ಜನನಾಂಗದ ಮೇಲೆ ಹುಣ್ಣು, ಜೊತೆಗೆ ಕಣ್ಣು ಕೆಂಪಾಗಿ ಉರಿಯೂತ. ಮೂರನ್ನೂ ಬೇರೆ ಬೇರೆ ವೈದ್ಯರಿಗೆ ತೋರಿಸುತ್ತ ಕಾಲ ಕಳೆದರೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಬಾಯಿ ಹುಣ್ಣಿಗೆಂದು ಬಂದವರನ್ನು ‘ಕಣ್ಣು ನೋಯುತ್ತಾ? ಬೇರೆಲ್ಲಾದರೂ ಹುಣ್ಣಿದೆಯಾ?’ ಎಂದು ಕೇಳುವ ವೈದ್ಯರು ಸಿಕ್ಕರೆ ಸಂಕೋಚ ಬಿಟ್ಟು ಉತ್ತರಿಸಬೇಕು. ಬೇಧಿ, ಹೊಟ್ಟೆನೋವು, ತೂಕ ಇಳಿತ ಜೊತೆಗಿದ್ದರೆ ಕ್ರೋನ್ಸ್ ಅಥವಾ ಸೀಲಿಯಾಕ್ ಕಾಯಿಲೆಯ ಕಡೆ ಯೋಚನೆ ಹೋಗುತ್ತದೆ. ಬಿಡದ ಬಿಳಿ ಪೊರೆಯೋ ದೊಡ್ಡ ಹುಣ್ಣುಗಳೋ ಎಚ್‌ಐವಿಯ ಸೂಚನೆಯಾಗಿರಬಹುದು. ನಾಲಿಗೆಯ ಮೇಲಿನ ಮಾಯದ ಹುಣ್ಣು ಎಷ್ಟೋ ಸಲ ಶ್ವಾಸಕೋಶದ ಕ್ಷಯವನ್ನು ಬಯಲು ಮಾಡಿದ್ದಿದೆ.

ಪೆಂಫಿಗಸ್ ಎಂಬ ಗುಳ್ಳೆ ಏಳುವ ಕಾಯಿಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಭಾರತದಲ್ಲಿ ಇದು ತೀರಾ ಅಪರೂಪವಲ್ಲ, ಮತ್ತು ತಡವಾಗಿ ಪತ್ತೆಯಾಗುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಪ್ರೊಟೀನಿನ ಮೇಲೆ ತಿರುಗಿಬೀಳುವುದು ಈ ಕಾಯಿಲೆಯ ಮೂಲ. ಹಿಡಿತ ಸಡಿಲಗೊಂಡ ಜಾಗದಲ್ಲಿ ಗುಳ್ಳೆ ಏಳುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಶುರುವಾಗುವುದು ಬಾಯಲ್ಲಿ. ಬಾಯೊಳಗಿನ ಗುಳ್ಳೆ ಒಂದು ತುತ್ತು ಅಗಿಯುವಷ್ಟರಲ್ಲಿ ಒಡೆದುಹೋಗುವುದರಿಂದ ಗುಳ್ಳೆಯನ್ನು ಯಾರೂ ನೋಡುವುದೇ ಇಲ್ಲ, ಕಾಣುವುದು ಹಸಿಹಸಿ ಗಾಯ ಮಾತ್ರ. ತಿಂಗಳುಗಟ್ಟಲೆ ಬಿ ಕಾಂಪ್ಲೆಕ್ಸ್ ನುಂಗಿ, ಗಂಜಿಯನ್ನೂ ನುಂಗಲಾರದೆ ಸೊರಗಿ, ಕಡೆಗೆ ಮೈಮೇಲೆ ಗುಳ್ಳೆ ಎದ್ದಾಗ ಚರ್ಮವೈದ್ಯರ ಬಳಿ ಬರುತ್ತಾರೆ. ಸ್ಟಿರಾಯ್ಡ್ ಬಳಕೆಗೆ ಬರುವ ಮುಂಚೆ ಈ ಕಾಯಿಲೆ ಬಂದವರಲ್ಲಿ ಬಹುತೇಕರು ಉಳಿಯುತ್ತಿರಲಿಲ್ಲ. ಈಗ ಸ್ಟಿರಾಯ್ಡ್ ಜೊತೆಗೆ ರಿಟುಕ್ಸಿಮ್ಯಾಬ್ ಎಂಬ ಮದ್ದು ಕೂಡ ಇದೆ, ಬೇಗ ಬಂದವರು ಚೆನ್ನಾಗಿ ಸುಧಾರಿಸುತ್ತಾರೆ.

ಲೈಕೆನ್ ಪ್ಲಾನಸ್ ಎಂಬ ಇನ್ನೊಂದು ಕಾಯಿಲೆ ಇಷ್ಟು ಉಗ್ರವಲ್ಲ. ಎರಡೂ ಕೆನ್ನೆಯ ಒಳಗೆ ಬಿಳಿ ಗೆರೆಗಳ ಜಾಲ, ನಡುವೆ ಕೆಂಪಾದ ಗಾಯ, ಸಾರಿನ ಖಾರ ತಾಗಿದರೆ ಉರಿ. ವರ್ಷಗಟ್ಟಲೆ ಇರುತ್ತದೆ, ಮುಲಾಮಿನಿಂದ ಹತೋಟಿಗೆ ಬರುತ್ತದೆ. ಹೆಚ್ಚುಕಡಿಮೆ ನೂರರಲ್ಲಿ ಒಬ್ಬರಿಗೆ ಇದು ಕ್ಯಾನ್ಸರ್ ಆಗಿ ತಿರುಗಬಹುದಾದ್ದರಿಂದ ಆಗಾಗ ತೋರಿಸಿಕೊಳ್ಳುತ್ತಿರಬೇಕು.

ಮನೆಯಲ್ಲಿ ವಯಸ್ಸಾದವರು ಇರುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬಾಯಿ ಹುಣ್ಣಿಗೆ ಅವರು ನುಂಗುತ್ತಿರುವ ಗುಳಿಗೆಯೇ ಕಾರಣವಾಗಿರಬಹುದು. ಎದೆನೋವಿಗೆ ಕೊಡುವ ನಿಕೊರಾಂಡಿಲ್ ಕೆಲವರ ಬಾಯಲ್ಲಿ ದೊಡ್ಡ, ಯಾತನೆಯ ಹುಣ್ಣು ಎಬ್ಬಿಸುತ್ತದೆ. ಗುಳಿಗೆ ಬದಲಿಸುವವರೆಗೂ ಅದು ಯಾವ ಮುಲಾಮಿಗೂ ಜಗ್ಗುವುದಿಲ್ಲ. ಆದರೆ ಹೃದಯದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ಹೇಳಬೇಕು. ಮೆಥೋಟ್ರೆಕ್ಸೇಟ್ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಸಂಧಿವಾತ, ಸೋರಿಯಾಸಿಸ್‌ಗೆ ಇದನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ಬೇರೆ ಗುಳಿಗೆಗಳ ಜೊತೆ ಡಬ್ಬಿಯಲ್ಲಿಟ್ಟು ಗೊತ್ತಿಲ್ಲದೆ ದಿನಾ ನುಂಗಿದವರ ಬಾಯಿ ಪೂರ್ತಿ ಹುಣ್ಣಾಗುತ್ತದೆ. ಅದು ಒಳಗೆ ಅಸ್ಥಿಮಜ್ಜೆ ಸೊರಗಿ ಬಿಳಿರಕ್ತಕಣ ಕುಸಿಯುತ್ತಿರುವುದರ ಹೊರಗಿನ ಗುರುತೂ ಹೌದು. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಗುಳಿಗೆಯ ಪಟ್ಟಿಯ ಮೇಲೆ ‘ಭಾನುವಾರ ಮಾತ್ರ’ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿಟ್ಟರೆ ಒಂದು ಜೀವ ಉಳಿದೀತು.

ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡದ್ದು

ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಎಷ್ಟೋ ಮನೆಗಳ ಮದುವೆ, ಮಕ್ಕಳ ಓದು, ಸಾಲ ತೀರುವುದು ಎಲ್ಲವೂ ಅಡಿಕೆಯ ದರದ ಮೇಲೆ ನಿಂತಿದೆ. ಎಲೆ ಅಡಿಕೆ ಇಲ್ಲದೆ ನಮ್ಮಲ್ಲಿ ಶುಭಕಾರ್ಯವಿಲ್ಲ. ಹಾಗಾಗಿಯೇ ಅಡಿಕೆಯ ಬಗ್ಗೆ ಆಡುವ ಮಾತು ನಮಗೆ ಕಷ್ಟ. ಆದರೂ ಆಡಬೇಕು. ಹೊಗೆಸೊಪ್ಪು ಸೇರಿದ ಎಲೆ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ‘ನಾನು ಬರೀ ಅಡಿಕೆ ಹಾಕ್ತೀನಿ, ತಂಬಾಕು ಮುಟ್ಟಲ್ಲ’ ಎನ್ನುವವರಿಗೆ ಈ ಸಂಗತಿ ತಲುಪಿಯೇ ಇಲ್ಲ.

ಅಡಿಕೆ ಮಾಡುವ ಹಾನಿ ಹುಣ್ಣಿಗೂ ಮುಂಚೆ ಶುರುವಾಗುತ್ತದೆ. ಮೊದಲು ಖಾರ ತಡೆಯಲಾಗದೆ ಬಾಯಿ ಉರಿಯುತ್ತದೆ, ಸಣ್ಣ ಗುಳ್ಳೆ ಎದ್ದು ಹೋಗುತ್ತದೆ. ಆಮೇಲೆ ಕೆನ್ನೆಯ ಒಳಪದರ ಬಿಳಿಚಿಕೊಂಡು ಬಿಗಿಯುತ್ತದೆ. ಅಡಿಕೆಯ ಅರೆಕೋಲಿನ್ ಎಂಬ ವಸ್ತು ಒಳಪದರದ ಅಡಿಯಲ್ಲಿ ನಾರು ಬೆಳೆಸುತ್ತ ಹೋಗುತ್ತದೆ. ಬೆರಳಿಟ್ಟು ನೋಡಿದರೆ ಕೆನ್ನೆಯೊಳಗೆ ಒಣಗಿದ ತೊಗಲಿನ ಪಟ್ಟಿಯಂತೆ ಕೈಗೆ ಸಿಗುತ್ತದೆ. ಇದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದನ್ನು ವೈದ್ಯಕೀಯ ಬರಹದಲ್ಲಿ ಮೊದಲು ದಾಖಲಿಸಿದ್ದು 1952ರಲ್ಲಿ, ಅದೂ ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ. ಮರುವರ್ಷ ಮುಂಬಯಿಯ ವೈದ್ಯ ಜೋಶಿ ಇಲ್ಲಿನ ರೋಗಿಗಳ ಬಗ್ಗೆ ಬರೆದರು. ಅಂದು ಅದು ಹೆಚ್ಚಾಗಿ ನಡುವಯಸ್ಸಿನವರ ಕಾಯಿಲೆ. ಗುಟ್ಕಾ, ಪಾನ್ ಮಸಾಲಾದ ಚೀಟಿಗಳು ಬಂದ ಮೇಲೆ ಕಾಲೇಜು ಹುಡುಗರ ಬಾಯಿಗೂ ಇಳಿಯಿತು. ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ಇಡಲು ಆಗದವರು ದಂತವೈದ್ಯರನ್ನು ಕಾಣಬೇಕು. ಬಿಗಿದ ನಾರು ಪೂರ್ತಿ ಕರಗುವುದಿಲ್ಲ. ಅಡಿಕೆ ಬಿಟ್ಟರೆ ಇನ್ನಷ್ಟು ಬಿಗಿಯುವುದು ನಿಲ್ಲಬಹುದು, ವ್ಯಾಯಾಮ ಮತ್ತು ಚುಚ್ಚುಮದ್ದಿನಿಂದ ಬಾಯಿ ಸ್ವಲ್ಪ ತೆರೆದೀತು.

ಕರ್ನಾಟಕದಲ್ಲಿ 2013ರ ಮೇ 31ರಂದು ಗುಟ್ಕಾ ನಿಷೇಧವಾಯಿತು. ಬೆರೆಸಿ ಮಾರಬಾರದು ಎಂದಾಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಬೇರೆ ಬೇರೆ ಮಾಡಿ ಒಂದೇ ದಾರದಲ್ಲಿ ತೂಗುಹಾಕಿದರು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು, ಅಷ್ಟೇ. ಇದನ್ನು ಕಂಡೂ ಸುಮ್ಮನಿರುವ ಆಡಳಿತದ ಮೇಲೆ ನನಗೆ ಸಿಟ್ಟಿದೆ. ಗುಟ್ಕಾ ಬಿಟ್ಟರೆ ಉತ್ತರ ಕರ್ನಾಟಕದಲ್ಲಿ ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕು, ಹಳೇ ಮೈಸೂರು ಕಡೆ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಹೊಗೆರಹಿತ ತಂಬಾಕು ಬಳಸುವವರು ಸೇದುವವರಿಗಿಂತ ಜಾಸ್ತಿ. ಕೂಲಿ ಕೆಲಸದ ಹೆಂಗಸರು ಹಸಿವು, ದಣಿವು ಮರೆಯಲೆಂದು ಕೆನ್ನೆಯ ಸಂದಿಯಲ್ಲಿ ಉಂಡೆ ಇಟ್ಟುಕೊಳ್ಳುತ್ತಾರೆ, ಕೆಲವರು ಹಾಗೆಯೇ ನಿದ್ದೆಹೋಗುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ನಾಲಿಗೆ ಮತ್ತು ಅದರ ಅಡಿಯಲ್ಲಿ ಹುಟ್ಟಿದರೆ, ನಮ್ಮಲ್ಲಿ ಕೆಳದವಡೆಯ ವಸಡು ಮತ್ತು ಕೆನ್ನೆ ಕೂಡುವ ಆ ಸಂದಿಯಲ್ಲಿಯೇ ಬಹಳಷ್ಟು ಹುಟ್ಟುತ್ತದೆ. ಉಂಡೆ ಕೂತ ಜಾಗ ಅದೇ.

ಆ ಹುಣ್ಣು ಮೊದಮೊದಲು ನೋಯುವುದಿಲ್ಲ. ಇಡೀ ವಿಷಯದಲ್ಲಿ ಎಲ್ಲರೂ ಮೋಸಹೋಗುವುದು ಇಲ್ಲಿಯೇ. ಆಫ್ತಸ್ ಹುಣ್ಣು ಮೊದಲ ದಿನವೇ ಕೂಗಾಡಿಸುತ್ತದೆ, ಕ್ಯಾನ್ಸರ್ ಹುಣ್ಣು ಸದ್ದಿಲ್ಲದೆ ಇರುತ್ತದೆ. ನೋವಿಲ್ಲ ಎಂಬ ಕಾರಣಕ್ಕೆ ಜನ ಸಮಾಧಾನಪಟ್ಟುಕೊಳ್ಳುತ್ತಾರೆ. ಅದರ ಅಂಚು ಎದ್ದು ನಿಂತಿರುತ್ತದೆ, ಬುಡ ಗಟ್ಟಿ, ಮುಟ್ಟಿದರೆ ಕೆಲವೊಮ್ಮೆ ರಕ್ತ ಒಸರುತ್ತದೆ. ಹಲ್ಲು ಕಾರಣವಿಲ್ಲದೆ ಅಲುಗಾಡುವುದು, ಕೆಳತುಟಿ ಜೋಮು ಹಿಡಿಯುವುದು, ಒಂದೇ ಕಡೆಯ ಕಿವಿನೋವು, ಕುತ್ತಿಗೆಯಲ್ಲಿ ಗಂಟು ಇವೆಲ್ಲ ಅದರ ಮುಂದಿನ ಹೆಜ್ಜೆಗಳು. ಕಿವಿನೋವಿಗೆಂದು ತಿಂಗಳುಗಟ್ಟಲೆ ಹನಿ ಹಾಕಿಸಿಕೊಂಡು, ಕಾರಣ ನಾಲಿಗೆಯ ಬುಡದಲ್ಲಿತ್ತು ಎಂದು ಆಮೇಲೆ ತಿಳಿದದ್ದು ಇಎನ್‌ಟಿ ವೈದ್ಯರಿಗೆ ಹೊಸ ಕಥೆಯಲ್ಲ.

ತಂಬಾಕು ಬಿಟ್ಟವರಿಗೆ ಒಂದು ಮಾತು. ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಬಾಯಿ ಹುಣ್ಣಾಗುತ್ತದೆ. ‘ಬಿಟ್ಟಿದ್ದಕ್ಕೇ ಹೀಗಾಯ್ತು’ ಎಂದು ಮತ್ತೆ ಶುರುಮಾಡಬೇಡಿ. ಅದು ಆಫ್ತಸ್ ಹುಣ್ಣು, ತಿಂಗಳೊಳಗೆ ನಿಲ್ಲುತ್ತದೆ. ಬಿಡಲು ಸಹಾಯ ಬೇಕಿದ್ದರೆ 1800-112-356 ಉಚಿತ ಕ್ವಿಟ್‌ಲೈನಿಗೆ ಫೋನ್ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲಿ ಮಾತನಾಡುತ್ತಾರೆ.

ಎರಡು ವಾರ ಯಾಕೆ

ಬಾಯಿಯ ಒಳಪದರ ಹೊರಚರ್ಮಕ್ಕಿಂತ ಬೇಗ ಹೊಸದಾಗುತ್ತದೆ. ಸುಟ್ಟದ್ದು, ಕಚ್ಚಿಕೊಂಡದ್ದು, ವೈರಸ್ಸಿನದು ಯಾವುದೇ ಆಗಲಿ, ಕಾರಣ ಸರಿದ ಮೇಲೆ ಎರಡು ವಾರದಲ್ಲಿ ಕೂಡಿಕೊಳ್ಳಬೇಕು. ಮೊನಚಾದ ಹಲ್ಲೋ ಸರಿಯಾಗಿ ಕೂರದ ಹಲ್ಲಿನ ಸೆಟ್ಟೋ ತಾಗಿ ಆದ ಹುಣ್ಣಾದರೆ ದಂತವೈದ್ಯರು ಮೊದಲು ಆ ಮೊನೆಯನ್ನು ಉಜ್ಜಿ ನುಣುಪು ಮಾಡಿ ‘ಎರಡು ವಾರ ಬಿಟ್ಟು ಬನ್ನಿ’ ಎನ್ನುತ್ತಾರೆ. ಮಾಯ್ದಿದ್ದರೆ ಸರಿ. ಮಾಯದಿದ್ದರೆ ಬಯಾಪ್ಸಿ. ಇಲ್ಲಿ ಮೂರನೆಯ ದಾರಿಯಿಲ್ಲ. ನೋವು ಮರೆಸುವ ಜೆಲ್ಲಾಗಲಿ, ಯಾರೋ ಹಾಕಿದ ಸ್ಟಿರಾಯ್ಡ್ ಇಂಜೆಕ್ಷನ್ನಾಗಲಿ ಹುಣ್ಣನ್ನು ಕೆಲ ದಿನ ಮರೆಮಾಚಿ ಕಾಲ ಕಳೆಯುವಂತೆ ಮಾಡುತ್ತವೆ.

‘ಕತ್ತರಿ ತಾಗಿಸಿದರೆ ಹರಡುತ್ತದೆ’ ಎಂಬ ಹೆದರಿಕೆ ನಮ್ಮಲ್ಲಿ ಬಹಳ ಬಲವಾಗಿದೆ. ಎಷ್ಟೋ ಮಂದಿ ಬಯಾಪ್ಸಿಯ ಚೀಟಿ ಹಿಡಿದು ಆಸ್ಪತ್ರೆಯಿಂದ ನೇರ ನಾಟಿ ಔಷಧಿಯವರ ಬಳಿ ಹೋಗಿಬಿಡುತ್ತಾರೆ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ಅದು ನಡೆಯುವ ಬಗೆ ತಿಳಿದರೆ ಅರ್ಧ ಭಯ ಹೋದೀತು. ದಂತವೈದ್ಯರು ಮೊದಲು ಗ್ಲೌಸ್ ಹಾಕಿದ ಬೆರಳಿನಿಂದ ಹುಣ್ಣಿನ ಬುಡವನ್ನೂ ಕುತ್ತಿಗೆಯ ಎರಡೂ ಬದಿಯನ್ನೂ ಒತ್ತಿ ನೋಡುತ್ತಾರೆ. ಹಲ್ಲು ಕೀಳುವಾಗ ಕೊಡುವಂಥದೇ ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸುತ್ತಾರೆ. ಕತ್ತರಿಸುವುದು ಹುಣ್ಣಿನ ನಡುಭಾಗವನ್ನಲ್ಲ, ಅಂಚನ್ನು. ನಡುವೆ ಇರುವುದು ಬಹುಪಾಲು ಸತ್ತ ಕೋಶ, ಅಲ್ಲಿಂದ ತೆಗೆದರೆ ಏನೂ ತಿಳಿಯದು. ಅಂಚಿನಿಂದ ಅರ್ಧ ಸೆಂಟಿಮೀಟರಿನಷ್ಟು ಚೂರು ತೆಗೆದು ಫಾರ್ಮಲಿನ್ ತುಂಬಿದ ಸಣ್ಣ ಬಾಟಲಿಗೆ ಹಾಕಿ ಹೆಸರು ಬರೆಯುತ್ತಾರೆ. ಒಂದೆರಡು ಹೊಲಿಗೆ, ಕಚ್ಚಿಕೊಳ್ಳಲು ಗಾಜ್. ಬಂದ ದಿನವೇ ಮನೆಗೆ. ಸಾಮಾನ್ಯವಾಗಿ ಒಂದು ವಾರದಲ್ಲಿ ವರದಿ. ಪೆಂಫಿಗಸ್ ಅನುಮಾನವಿದ್ದರೆ ಹುಣ್ಣಿನ ಪಕ್ಕದ ಆರೋಗ್ಯವಾಗಿ ಕಾಣುವ ಭಾಗದಿಂದ ಇನ್ನೊಂದು ಚೂರು ತೆಗೆಯುತ್ತಾರೆ, ಅದನ್ನು ಬೇರೆ ದ್ರಾವಣದಲ್ಲಿಟ್ಟು ಬೇರೆ ಪರೀಕ್ಷೆಗೆ ಕಳಿಸಬೇಕು.

ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಆಳಕ್ಕಿಳಿಯದೆ, ಕುತ್ತಿಗೆಗೆ ಹರಡದೆ ಇದ್ದಾಗ ಸಿಕ್ಕಿದರೆ ಬಾಯಿ ಕ್ಯಾನ್ಸರನ್ನು ಹಲವು ಸಲ ಒಂದೇ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಬಹುದು. ತಡವಾದರೆ ದವಡೆಯ ಮೂಳೆ ತೆಗೆಯಬೇಕು, ಕಾಲಿನದೋ ಎದೆಯದೋ ಮಾಂಸ ತಂದು ತುಂಬಬೇಕು, ರೇಡಿಯೇಷನ್, ಕೀಮೋ. ಮಾತು, ನುಂಗುವುದು, ಮುಖ ಎಲ್ಲವೂ ಬದಲಾಗುತ್ತದೆ. ಅಷ್ಟಾದರೂ ಜೀವ ಉಳಿಯುವ ಭರವಸೆ ಕಡಿಮೆ.

ಬೇಗ ಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ ಎಂಬುದನ್ನು ಪಕ್ಕದ ಕೇರಳ ತೋರಿಸಿಕೊಟ್ಟಿದೆ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳ ಸುಮಾರು 1.9 ಲಕ್ಷ ಜನರನ್ನು ಸೇರಿಸಿಕೊಂಡು ಡಾ. ಸಂಕರನಾರಾಯಣನ್ ಮತ್ತು ಸಂಗಡಿಗರು ಒಂದು ಅಧ್ಯಯನ ಶುರುಮಾಡಿದರು. ಅರ್ಧದಷ್ಟು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಟಾರ್ಚ್ ಹಿಡಿದು ಬಾಯಿ ನೋಡಿದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ತಗ್ಗಿತ್ತು. ಈಗ 30 ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆಯ ಜೊತೆ ಬಾಯಿಯ ತಪಾಸಣೆಯನ್ನೂ ಊರಿನ ಆರೋಗ್ಯ ಕೇಂದ್ರದಲ್ಲೇ ಮಾಡಬೇಕೆಂಬ ನಿಯಮ ದೇಶದಲ್ಲಿದೆ. ಬಿಪಿ ನೋಡಿಸಿಕೊಳ್ಳಲು ಹೋದಾಗ ‘ಬಾಯೂ ನೋಡಿ’ ಎಂದು ನಾವೇ ಕೇಳಬೇಕು. ಹೆಚ್ಚಿನ ಪರೀಕ್ಷೆಗೆ ಸರ್ಕಾರಿ ದಂತ ಕಾಲೇಜು, ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆ ಇವೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ.

ಮನೆಯಲ್ಲಿ ನೋಡಿಕೊಳ್ಳುವುದಾದರೆ ಬೆಳಕಿರುವ ಕಡೆ ಕನ್ನಡಿಯ ಮುಂದೆ ನಿಂತು ಎರಡೂ ಕೆನ್ನೆಯನ್ನು ಬೆರಳಿನಿಂದ ಸರಿಸಿ ಒಳಬದಿ, ಕಡೆಯ ದವಡೆ ಹಲ್ಲಿನ ಹಿಂದೆ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು ಅದರ ಎರಡೂ ಅಂಚು, ಆಮೇಲೆ ನಾಲಿಗೆ ಎತ್ತಿ ಅದರ ಅಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತಲೂ ಹೆಚ್ಚಾಗಿ ಮಖಮಲ್ಲಿನ ನುಣುಪಿನ ಕೆಂಪು ಮಚ್ಚೆ ಕಂಡರೆ ಹುಣ್ಣಿಲ್ಲದಿದ್ದರೂ ತೋರಿಸಬೇಕು.

ವರದಿ ಬಂದಾಗ ‘ಕ್ಯಾನ್ಸರ್ ಇಲ್ಲ’ ಎಂದಿದ್ದರೆ ಕಾಗದವನ್ನು ಬೀರುವಿನಲ್ಲಿಟ್ಟು ಮರೆಯುವವರೇ ಹೆಚ್ಚು. ಅದರಲ್ಲಿ ‘ಡಿಸ್‌ಪ್ಲೇಸಿಯಾ’ ಎಂಬ ಪದ ಇದ್ದರೆ ಕೋಶಗಳು ಕೆಡಲು ಶುರುವಾಗಿವೆ ಎಂದರ್ಥ. ಎಷ್ಟು ಕೆಟ್ಟಿವೆ ಎಂಬುದನ್ನು ನೋಡಿ ಆ ಭಾಗವನ್ನು ತೆಗೆಯುತ್ತಾರೆ, ಇಲ್ಲವೇ ಮೂರು ಅಥವಾ ಆರು ತಿಂಗಳಿಗೊಮ್ಮೆ ಕರೆಯುತ್ತಾರೆ. ಏನೂ ಇಲ್ಲ ಎಂದು ಬಂದಿದ್ದರೂ ಹುಣ್ಣು ಮಾತ್ರ ಮಾಯದೆ ಹಾಗೇ ಇದ್ದರೆ, ತೆಗೆದ ಚೂರು ಸರಿಯಾದ ಜಾಗದ್ದಾಗಿರಲಿಕ್ಕಿಲ್ಲ. ಅಂಥವರು ಅದೇ ವರದಿ ಹಿಡಿದು ಮತ್ತೆ ಹೋಗಿ ಎರಡನೆಯ ಬಯಾಪ್ಸಿ ಕೇಳಬೇಕು.